ಹೆಗಲ ಮೇಲಿನ ಹನಿ

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಹಾಸಿಗೆಬಟ್ಟೆ ಒಗೆದವಳಿಗೆ ಸ್ವಂತ ಮೊಮ್ಮಗಳ ಗೇಣುದ್ದದ ಅಂಗಿ ಒಗೆಯಲು ಬರುವುದಿಲ್ಲ ಎಂದು ಮನೆಯಲ್ಲೇ ತೀರ್ಪಾದರೆ ಹೇಗಿದ್ದೀತು? ದೊಡ್ಡಕ್ಕನಿಗೆ ಹಾಗಾಯಿತು. ಅದೂ ಸೋಮವಾರ ಬೆಳಿಗ್ಗೆ, ಚಹಾದಲ್ಲಿ ಅದ್ದಿದ ಬ್ರೆಡ್ಡು ಇನ್ನೂ ಗಂಟಲಲ್ಲಿರುವಾಗ.

ದೊಡ್ಡಕ್ಕ ಎನ್ನುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ ಅಂಟಿಕೊಂಡ ಹೆಸರು. ಹದಿನೆಂಟು ಜನರ ಮೇಲ್ವಿಚಾರಕಿ ಅವಳು. ನಿವೃತ್ತಿಯಾಗಿ ನಾಲ್ಕು ತಿಂಗಳಾಗಿತ್ತು, ಹೆಸರು ಮಾತ್ರ ಮನೆಗೂ ಬಂದು ಕೂತಿತ್ತು. ಕಟ್ಟಿಕೊಂಡ ಗಂಡನೂ ಹಾಗೇ ಕರೆಯುತ್ತಿದ್ದ. ಬೀಳ್ಕೊಡುಗೆಯ ದಿನ ಜೊತೆಯವರು ಮೂರು ವಸ್ತು ಕೊಟ್ಟು ಕಳಿಸಿದ್ದರು. ಒಂದು ಬಿಳಿ ಹತ್ತಿಯ ಶಾಲು. ಒಂದು ಡಬ್ಬ ತುಂಬ ಲಾಂಡ್ರಿಯ ಒಗೆಯುವ ಪುಡಿ. ಮೂರನೆಯದು ತಮಾಷೆಗೆಂದು ಕೊಟ್ಟಿದ್ದು, ಸಾಕ್ಷಿ ನೀರಿನ ಸಣ್ಣ ಶೀಶೆ. ಒಗೆದ ಬಟ್ಟೆಯಲ್ಲಿ ಪುಡಿಯ ಖಾರ, ಎಂದರೆ ಕ್ಷಾರ, ಉಳಿದಿದೆಯೋ ಇಲ್ಲವೋ ಎಂದು ನೋಡಲು ಒದ್ದೆ ಬಟ್ಟೆಯ ಮೇಲೆ ಅದರ ಒಂದು ಹನಿ ಬಿಡುತ್ತಿದ್ದರು. ಖಾರ ಉಳಿದಿದ್ದರೆ ಹನಿ ಗುಲಾಬಿಯಾಗುತ್ತದೆ, ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ. ಮೂವತ್ತೊಂದು ವರ್ಷ ಪ್ರತಿ ಬೆಳಿಗ್ಗೆ ಆ ಹನಿ ಬಿಟ್ಟವಳು ದೊಡ್ಡಕ್ಕನೇ.

"ಅತ್ತೆ, ಇಲ್ಲಿ ನೋಡಿ" ಎಂದು ಸೊಸೆ ಮಗುವಿನ ಮುಖ ತಿರುಗಿಸಿ ತೋರಿಸಿದಳು. ಪುಟ್ಟಿಗೆ ಆಗ ಹತ್ತು ತಿಂಗಳು. ಎಡಗೆನ್ನೆ ಕೆಂಪಗೆ ಒರಟಾಗಿತ್ತು, ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು.

"ಹಲ್ಲು ಬರ್ತಿದೆ ಕಣೆ. ಜೊಲ್ಲಿಗೆ ಹಾಗಾಗುತ್ತೆ."

"ಜೊಲ್ಲು ಏನು ಒಂದೇ ಕಡೆ ಸುರಿಯುತ್ತಾ? ಇದು ಸೋಪಿನ ಪುಡೀದು. ನಮ್ಮ ಅಂಗಡೀಗೆ ದಿನಾ ಬರ್ತಾರೆ, ಇದಕ್ಕೇ ಮುಲಾಮು ಕೇಳ್ಕೊಂಡು."

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಏನನ್ನೇ ಆಗಲಿ ಬಾಯಿಗೆ ಹಾಕುವ ಮೊದಲು ಕಣ್ಣಿಗೆ ಹಾಕಿಕೊಳ್ಳುವ ಜಾತಿ. ಮನೆಯ ಸೋಪಿನ ಪುಡಿಯ ಪೊಟ್ಟಣ ತಂದು ಮೇಜಿನ ಮೇಲೆ ಕುಕ್ಕಿ, ಹಿಂದಿನ ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಬಿಳುಪಿಗೊಂದು ಬಣ್ಣ, ಪರಿಮಳಕ್ಕೊಂದು ಎಣ್ಣೆ, ನೊರೆಗೊಂದು, ನೊರೆ ಇಳಿಸೋಕೆ ಮತ್ತೊಂದು.

"ಪರಿಮಳ ಅಂತ ಒಂದೇ ಪದ ಬರೆದಿದಾರೆ. ಅದರೊಳಗೆ ಏನೇನಿದೆ ಅಂತ ಬರೆದೇ ಇಲ್ಲ. ಯಾಕೆ ಬರೆದಿಲ್ಲ ಹೇಳಿ?"

"ಬರೆದ್ರೆ ನೀನು ಓದ್ತೀಯ ಅಂತ ಹೆದರಿಕೆ ಅವರಿಗೆ" ಎಂದ ಮಗ. ಅವನು ಬಸ್ಸಿನ ಡ್ರೈವರ್. ಷೂ ಹಾಕಿಕೊಳ್ಳುತ್ತ ಜಗಳದಿಂದ ಆಚೆ ಹಾರುವ ಅಭ್ಯಾಸ ಅವನಿಗೆ ಚೆನ್ನಾಗಿತ್ತು. ಅವತ್ತು ಸೊಸೆ ಬಿಡಲಿಲ್ಲ.

"ರೀ, ನಿಲ್ಲಿ. ಇವತ್ತಿಂದ ಪುಟ್ಟಿ ಬಟ್ಟೆ ಬೇರೆ. ನೀಲಿ ಬಕೆಟ್ಟು ಅವಳದು. ಮೇಲಿನ ಮನೆಯವರು ಅಂಟುವಾಳದ ನೀರು ಮಾಡ್ತಾರಲ್ಲ, ಅದರಲ್ಲೇ ನಾನೇ ಒಗೀತೀನಿ. ಅತ್ತೆ, ನೀವು ನೀಲಿ ಬಕೆಟ್ಟು ಮುಟ್ಟಬೇಡಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಎನ್ನುವುದು ಒಂದು ಚೆಂದದ ಮಾತು. ಹೊಡೆದ ಮೇಲೆ ಅಳಬೇಡ ಎಂದಂತೆ.

"ಈ ಕೈಯಲ್ಲಿ ಆಪರೇಷನ್ ಥಿಯೇಟರಿನ ಬಟ್ಟೆ ಒಗೆದಿದೀನಿ ಕಣೆ ನಾನು" ಎಂದಳು ದೊಡ್ಡಕ್ಕ.

"ಗೊತ್ತು ಅತ್ತೆ. ಆದ್ರೆ ಈ ತಿಂಗಳ ಕೊನೆಯೊಳಗೆ ಕೆನ್ನೆ ವಾಸಿಯಾಗದೆ ಹೋದ್ರೆ ಪುಟ್ಟೀನ ಬೇಬಿ ಸಿಟ್ಟಿಂಗಿಗೆ ಬಿಡ್ತೀನಿ. ಹೆಸರು ಕೊಟ್ಟು ಬಂದಿದೀನಿ."

ನಿವೃತ್ತಿಯಾದ ಮೊದಲ ವಾರ ದೊಡ್ಡಕ್ಕ ಬೆಳಿಗ್ಗೆ ಐದಕ್ಕೇ ಎದ್ದು, ಹೋಗಲು ಎಲ್ಲಿಯೂ ಇಲ್ಲದೆ, ಬಾಗಿಲ ಬಳಿ ಚಪ್ಪಲಿ ನೋಡುತ್ತ ಕೂತಿದ್ದುಂಟು. ಸೊಸೆ ಕೆಲಸಕ್ಕೆ ಮರಳಿ ಮಗುವನ್ನು ಇವಳ ಹೆಗಲಿಗೆ ಹಾಕಿದ ದಿನದಿಂದ ಬದುಕಿಗೆ ಮತ್ತೆ ಹೊತ್ತು ಗೊತ್ತು ಬಂದಿತ್ತು. ಪುಟ್ಟಿ ಬೇಬಿ ಸಿಟ್ಟಿಂಗಿಗೆ ಹೋದರೆ ತನಗೆ ಉಳಿಯುವುದು ಮತ್ತೆ ಆ ಚಪ್ಪಲಿಯೇ.

ಕಿಟಕಿಯ ಬಳಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ತಾತ ತಲೆ ಎತ್ತಿದ. ದೊಡ್ಡಕ್ಕನ ಗಂಡ ಅವನು, ದರ್ಜಿ. ಯಾರ ಜಗಳವಾದರೂ ಅಳತೆ ತೆಗೆದೇ ಮಾತಾಡುವವನು.

"ಅಂಗಿ ಅನ್ನೋದು ಕುತ್ತಿಗೆಯಿಂದ ಕೆಳಗೆ ಇರುತ್ತೆ. ಅಂಗಿ ಕಚ್ಚಿದ್ರೆ ಕಂಕುಳಲ್ಲಿ ಕಚ್ಚಬೇಕು, ಬೆನ್ನಿಗೆ ಕಚ್ಚಬೇಕು. ಕೆನ್ನೆಗೆ ಯಾಕಮ್ಮಾ ಕಚ್ಚುತ್ತೆ?"

"ದಿಂಬಿನ ಬಟ್ಟೆ ಇಲ್ವಾ ಮಾವ? ಹೊದಿಕೆ ಇಲ್ವಾ?" ಎಂದಳು ಸೊಸೆ.

"ನೀವು ಸುಮ್ನೆ ಗುಂಡಿ ಹೊಲೀರಿ" ಎಂದಳು ದೊಡ್ಡಕ್ಕ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಒಂದು ಮಾತಿಗೆ ಬಂದಿದ್ದು ಆ ವಾರ ಅದೊಂದೇ ಸಲ.

ದೊಡ್ಡಕ್ಕ ತನ್ನ ಬಟ್ಟೆಯನ್ನು ಮೊದಲಿನಿಂದಲೂ ಮನೆಯವರ ಬಟ್ಟೆಯ ಜೊತೆ ಹಾಕುತ್ತಿರಲಿಲ್ಲ. ಆಸ್ಪತ್ರೆಯ ರೋಗ ಮನೆಗೆ ಬರಬಾರದೆಂದು ಮಾಡಿಕೊಂಡ ಕ್ರಮ ಅದು, ಆಸ್ಪತ್ರೆ ಬಿಟ್ಟರೂ ಬಿಟ್ಟಿರಲಿಲ್ಲ. ಬಾಲ್ಕನಿಯಲ್ಲಿ ಅವಳದೇ ಒಂದು ತಗಡಿನ ಬಕೆಟ್ಟು, ಅವಳದೇ ಪುಡಿಯ ಡಬ್ಬ. ಪುಟ್ಟಿಯನ್ನು ಎತ್ತಿಕೊಳ್ಳುವ ಹೆಗಲು ಸ್ವಚ್ಛವಾಗಿರಬೇಕೆಂದು ಶಾಲನ್ನು ದಿನಬಿಟ್ಟು ದಿನ ಒಗೆಯುವಳು. ನೀಲಿ ಬಕೆಟ್ಟಿನ ಅವಮಾನವಾದ ಮೇಲಂತೂ ಛಲ ಹುಟ್ಟಿತು. ನನ್ನ ಕೈ ಕೊಳಕು ಅಂತಾಳಾ? ನೋಡೇಬಿಡೋಣ. ಒಂದು ಸೌಟು ಹಾಕುವಲ್ಲಿ ಎರಡು ಸೌಟು ಪುಡಿ ಬಿತ್ತು. ಶಾಲು ಹಾಲಿನ ಹಾಗೆ ಬೆಳ್ಳಗಾಯಿತು. ಟ್ಯಾಂಕಿನ ನೀರು ಯಾವಾಗ ನಿಲ್ಲುತ್ತದೋ ಎಂದು ಒಂದೇ ನೀರಲ್ಲಿ ಜಾಲಿಸಿ, ಹಿಂಡಿ, ಹಗ್ಗಕ್ಕೆ ಹಾಕುವಳು.

ಎರಡನೆಯ ವಾರ ಪುಟ್ಟಿಯ ಕೆನ್ನೆ ಇನ್ನೂ ಕೆಟ್ಟಿತು. ಗುಳ್ಳೆ ಒಡೆದು ನೀರಾಡಿತು. ಡಾಕ್ಟರು ಅರ್ಧ ನಿಮಿಷ ನೋಡಿ, ಯಾವುದೋ ಸೋಪು ಒಗ್ಗುತ್ತಿಲ್ಲ ಬದಲಾಯಿಸಿ ಎಂದು ಹೇಳಿ, ಮುಲಾಮು ಬರೆದು ಕಳಿಸಿದರು.

"ಬದಲಾಯಿಸಿ ಆಯ್ತಲ್ಲ ಡಾಕ್ಟ್ರೇ ಅನ್ನೋಣ ಅಂದ್ರೆ ಮುಂದಿನವರನ್ನ ಕರೆದೇಬಿಟ್ರು" ಎಂದಳು ಸೊಸೆ, ಅನ್ನ ಬಡಿಸುತ್ತ. ಮುಖ ಬಾಡಿತ್ತು.

ದೊಡ್ಡಕ್ಕ ತುತ್ತು ಕಲಸುತ್ತ ಸಾವಕಾಶವಾಗಿ ಎಸೆದಳು ಮಾತನ್ನು. "ಪೊಟ್ಟಣದ ಮೇಲಾದ್ರೂ ಇರುವೆ ಅಕ್ಷರ ಇತ್ತು. ಆ ಅಂಟುವಾಳದ ಬಾಟ್ಲಿ ಮೇಲೆ ಏನಿದೆ ಓದು ನೋಡೋಣ."

ಬಾಟಲಿಯ ಮೇಲೆ ಏನೂ ಇರಲಿಲ್ಲ.

ಮೇಲಿನ ಮನೆಯಾಕೆ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಆ ಕೆಲಸ ಹೋದ ಮೇಲೆ ಅಂಟುವಾಳದ ಕಾಯಿ ಕುದಿಸಿ, ಸೋಸಿ, ಹಳೇ ಬಾಟಲಿಗಳಿಗೆ ತುಂಬಿ ಕಟ್ಟಡದವರಿಗೆ ಮಾರುತ್ತಿದ್ದಳು. ಗಂಡನಿಲ್ಲ, ಅದೇ ಅವಳ ಅನ್ನ. ದೊಡ್ಡಕ್ಕ ಅವಳಿಗೆ ಬಾಟ್ಲಮ್ಮ ಎಂದು ಹೆಸರಿಟ್ಟಿದ್ದಳು, ಹಿಂದಿನಿಂದ ಮಾತ್ರ. ಈಗ ಮೈಯೆಲ್ಲ ಕಣ್ಣಾಗಿ ಅವಳನ್ನು ಕಾಯತೊಡಗಿದಳು. ಬಾಟಲಿ ತೆರೆದು ಮೂಸಿದರೆ ಹುಳಿ ಹುಳಿ ವಾಸನೆ. ಬರೀ ಅಂಟುವಾಳ ಕುದಿಸಿದ ನೀರು ಮೂರು ದಿನಕ್ಕೆ ಹಳಸಬೇಕು, ಇದು ವಾರ ಕಳೆದರೂ ಹಾಗೇ ಇತ್ತು. ಗುರುವಾರ ಮಧ್ಯಾಹ್ನ ಬಾಟ್ಲಮ್ಮ ಒಂದು ಬಿಳಿ ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವುದು ಕಣ್ಣಿಗೆ ಬಿತ್ತು. ದೊಡ್ಡಕ್ಕ ಪುಟ್ಟಿಯನ್ನು ಬಲಹೆಗಲಿಗೆ ಹಾಕಿಕೊಂಡು ಅಡ್ಡ ನಿಂತಳು.

"ಏನಮ್ಮಾ ಅದು, ಅಂಟುವಾಳದ ಪುಡೀನಾ?"

"ಅದು... ಬೇರೆ ಸಾಮಾನು ದೊಡ್ಡಕ್ಕ."

"ಬಾಟ್ಲೀಗೆ ಹಾಕೋದಾ?"

"ಅದೆಲ್ಲ ನನ್ನ ಕೈಕೆಲಸ. ಬಿಡಿ, ಭಾರ ಇದೆ" ಎಂದು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿ, ತಲೆ ತಗ್ಗಿಸಿ ಹತ್ತಿ ಹೋದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ! ದೊಡ್ಡಕ್ಕನಿಗೆ ಇನ್ನೇನು ಬೇಕು? ಸಂಜೆಯೊಳಗೆ ಕೆಳಗಿನ ನಲ್ಲಿಯ ಬಳಿ, ಮೆಟ್ಟಿಲ ಮೇಲೆ, ಬಟ್ಟೆ ಒಣಹಾಕುವ ಮಾಳಿಗೆಯಲ್ಲಿ, ಮೂರು ಕಡೆ ಮಾತು ಬಿತ್ತಿ ಬಂದಳು. ಅಂಟುವಾಳ ಹೆಸರಿಗಷ್ಟೆ, ಒಳಗೆ ಇನ್ನೇನೋ ಬೆರೆಸ್ತಾಳೆ, ನಮ್ಮ ಪುಟ್ಟಿ ಕೆನ್ನೆ ನೋಡಿ ಬೇಕಿದ್ರೆ. ಕಂಡಿದ್ದು ಕಾಲು ಪಾಲು, ಸೇರಿಸಿದ್ದು ಮುಕ್ಕಾಲು. ಆದರೆ ಹೇಳಿದವಳು ಆಸ್ಪತ್ರೆಯ ದೊಡ್ಡಕ್ಕ, ನಂಬದೆ ಇರಲು ಯಾರಿಗೆ ಧೈರ್ಯ? ಕೆಳಗಿನ ಮನೆಯವಳಿಗೆ ಅಂದಿನಿಂದಲೇ ಮೊಣಕೈ ಕೆರೆಯತೊಡಗಿತು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಬಾಟ್ಲಮ್ಮನ ಬಾಗಿಲ ಮುಂದೆ ಬಾಟಲಿಗಳು ಬಂದು ನಿಂತಿದ್ದವು. ಹನ್ನೊಂದು ಮನೆಯವರು ವಾಪಸು ಇಟ್ಟು ಹೋಗಿದ್ದರು. ಬಾಗಿಲು ತಟ್ಟಿ ಕೊಡುವಷ್ಟು ಮುಖ ಒಬ್ಬರಿಗೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸೊಸೆ ನೀಲಿ ಬಕೆಟ್ಟನ್ನು ತಂದು ದೊಡ್ಡಕ್ಕನ ಮುಂದಿಟ್ಟಳು.

"ಅತ್ತೆ, ನೀವು ಹೇಳಿದ್ದೇ ಸರಿ. ನನಗೇ ಬುದ್ಧಿ ಬರಲಿಲ್ಲ. ಇನ್ಮೇಲೆ ಪುಟ್ಟಿ ಬಟ್ಟೆ ನೀವೇ ಒಗೀರಿ." ಕಣ್ಣು ತೇವವಾಗಿತ್ತು. "ಬೇಬಿ ಸಿಟ್ಟಿಂಗಿಗೂ ಬೇಡ ಅಂತ ಹೇಳ್ತೀನಿ. ನಿಮ್ಮಷ್ಟು ಯಾರು ನೋಡ್ಕೋತಾರೆ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಅತ್ತೆಯ ಕಾಲ ಎರಡನೇ ಸಲ ಬಂದದ್ದನ್ನು ಯಾರು ಕಂಡಿದ್ದರು! ದೊಡ್ಡಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾಳೆ ಭಾನುವಾರ ಎಲ್ಲರೂ ಇರ್ತೀವಿ. ಅವಳನ್ನ ಕೆಳಗೆ ಕರಿ. ಸಾಕ್ಷಿ ನೀರು ಹಾಕಿ ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ" ಎಂದಳು.

ಸೊಸೆ ಅಂಗಡಿಗೆ, ಮಗ ಡ್ಯೂಟಿಗೆ, ತಾತ ನೂಲು ತರಲು ಹೊರಗೆ. ಮನೆಯಲ್ಲಿ ಅಜ್ಜಿ, ಮೊಮ್ಮಗಳು. ಲಾಂಡ್ರಿಯಲ್ಲಿ ಒಂದು ನಿಯಮವಿತ್ತು. ದೊಡ್ಡವರಿಗೆ ತೋರಿಸುವ ಮುಂಚೆ ತಾನು ಒಮ್ಮೆ ಮಾಡಿ ನೋಡಬೇಕು. ದೊಡ್ಡಕ್ಕ ಮಲಗಿದ್ದ ಪುಟ್ಟಿಯನ್ನು ಬಲಹೆಗಲ ಮೇಲೆ ಹಾಕಿಕೊಂಡೇ ಶೀಶೆ ತೆಗೆದಳು. ಎಡಹೆಗಲು ಒದ್ದೆ ಬಟ್ಟೆ ಎಳೆದೂ ಎಳೆದೂ ಸೋತಿತ್ತು, ಮಗು ಯಾವಾಗಲೂ ಬಲಕ್ಕೇ. ಮನೆಯ ಉಳಿದವರೆಲ್ಲ ಎತ್ತಿಕೊಳ್ಳುವುದು ಎಡಕ್ಕೆ.

ಬಾಟಲಿಯ ನೀರಿಗೆ ಒಂದು ಹನಿ ಬಿಟ್ಟಳು. ಬಣ್ಣವಿಲ್ಲ. ಪುಟ್ಟಿಯ ಅಂಗಿಯನ್ನು ಒದ್ದೆ ಮಾಡಿ ಒಂದು ಹನಿ. ಇಲ್ಲ. ದಿಂಬಿನ ಬಟ್ಟೆ, ಹೊದಿಕೆ, ಜೋಲಿಗೆ ಹಾಸುವ ಚಾದರ. ಉಹೂಂ.

"ಥತ್, ಶೀಶೆ ಹಳೇದಾಯ್ತೇನೋ" ಎಂದು ಗೊಣಗಿ, ಪರೀಕ್ಷಿಸಲು ತನ್ನ ಡಬ್ಬದ ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಕಲಸಿ ಒಂದು ಹನಿ ಬಿಟ್ಟಳು. ಬಟ್ಟಲು ಪೂರಾ ಕಡು ಗುಲಾಬಿಯಾಯಿತು. ಶೀಶೆಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಪುಟ್ಟಿ ಎಚ್ಚರವಾಗಿ ಕೈ ಬೀಸಿದಳು. ಹನಿ ಬಿಡುವ ನಳಿಕೆ ಅಲುಗಿ ಎರಡು ಹನಿ ದೊಡ್ಡಕ್ಕನ ಶಾಲಿನ ಮೇಲೆ ಬಿದ್ದವು, ಬಲಹೆಗಲ ಮೇಲೆ, ಪುಟ್ಟಿಯ ಜೊಲ್ಲಿನಿಂದ ನೆನೆದಿದ್ದ ಜಾಗದಲ್ಲಿ.

ಬಿಳಿ ಶಾಲಿನ ಮೇಲೆ ಗುಲಾಬಿ ಬಣ್ಣ ಹರಡಿತು.

ದೊಡ್ಡಕ್ಕ ನೋಡುತ್ತಲೇ ಇದ್ದಳು. ನಿಧಾನವಾಗಿ ಮಗುವಿನ ಮುಖ ನೋಡಿದಳು. ನಿದ್ದೆಯಲ್ಲಿ ಪುಟ್ಟಿ ಅಜ್ಜಿಯ ಕತ್ತಿನ ಕಡೆ ಮುಖ ಮಾಡಿ ಮಲಗುವಳು. ಆಗ ಹೆಗಲಿಗೆ ಒತ್ತುವುದು ಎಡಗೆನ್ನೆ. ಜೊಲ್ಲಿಗೆ ಶಾಲು ನೆನೆದು, ಶಾಲಿನ ಖಾರ ನೀರಾಗಿ ಇಳಿದು, ಆ ಹಸುಗೂಸಿನ ಕೆನ್ನೆಗೆ ದಿನಾ ಗಂಟೆಗಟ್ಟಲೆ... ಅಯ್ಯೋ! ತಕ್ಷಣ ಶಾಲು ಕಿತ್ತು ನೆಲಕ್ಕೆಸೆದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒದ್ದೆ ಹತ್ತಿಯಿಂದ ಕೆನ್ನೆ ಒರೆಸಿದಳು.

ಲಾಂಡ್ರಿಯ ಮೆಷಿನ್ನು ಅದೇ ಪುಡಿಗೆ ಐದು ಸಲ ನೀರು ಬದಲಾಯಿಸುತ್ತಿತ್ತು. ಆರನೆಯದಾಗಿ ಹುಳಿ ನೀರು, ಖಾರ ಮುರಿಯಲು. ಅದು ಗೋಡೆಯ ಸಣ್ಣ ಕೊಳವೆಯಿಂದ ತಾನಾಗಿಯೇ ಬರುತ್ತಿತ್ತು, ದೊಡ್ಡಕ್ಕ ಒಂದು ದಿನವೂ ಕೈಯಾರೆ ಹಾಕಿದವಳಲ್ಲ. ಮನೆಗೆ ಪುಡಿ ಬಂತು, ಕೊಳವೆ ಬರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯ ನೀರಿಗೆ ಬಿದ್ದು ಸತ್ತಿತಂತೆ. ಸಾವಿರಾರು ಜನರ ಹಾಸಿಗೆಗೆ ಹನಿ ಬಿಟ್ಟು ನೋಡಿದವಳು ತನ್ನ ಹೆಗಲಿಗೆ ಒಂದು ಹನಿ ಬಿಟ್ಟು ನೋಡಿರಲಿಲ್ಲ.

ಯಾರೂ ಕಂಡಿಲ್ಲ. ಮೊದಲು ಬಂದ ಯೋಚನೆ ಅದೇ, ಸುಳ್ಳು ಯಾಕೆ ಹೇಳಬೇಕು? ಶಾಲನ್ನು ನಾಲ್ಕು ನೀರಲ್ಲಿ ಜಾಲಿಸಿದರೆ ಆಯಿತು. ಪುಡಿಯ ಡಬ್ಬ ಚರಂಡಿಗೆ. ಹತ್ತು ದಿನದಲ್ಲಿ ಕೆನ್ನೆ ವಾಸಿಯಾಗುತ್ತದೆ, ಎಲ್ಲರೂ ದೊಡ್ಡಕ್ಕನ ಕೈಗುಣ ಅನ್ನುತ್ತಾರೆ. ನೀಲಿ ಬಕೆಟ್ಟು ತನ್ನದು, ಮಗು ತನ್ನದು. ಬಾಟ್ಲಮ್ಮನಿಗೇನು, ಬೇರೆ ಏನಾದರೂ ಮಾರಿಕೊಂಡಾಳು. ಅಲ್ಲವೇ?

ರಾತ್ರಿ ಊಟಕ್ಕೆ ಕೂತಾಗ ಮಗ ಖುಷಿಯಲ್ಲಿದ್ದ. "ನಾಳೆ ಕೋರ್ಟು ಅಂತೆ! ಅಮ್ಮ ಜಡ್ಜು."

"ಅವಳು ಒಪ್ಪಲ್ಲ ನೋಡಿ" ಎಂದಳು ಸೊಸೆ. "ಮೆಟ್ಟಿಲ ಮೇಲೆ ಸಿಕ್ಕಿದ್ಲು. ಅಳ್ತಿದ್ಲು. ಒಂದು ಬಾಟ್ಲೀನೂ ಹೋಗ್ಲಿಲ್ಲವಂತೆ. ನಾಟಕ. ನನ್ನ ಮಗು ಕೆನ್ನೆ ಸುಟ್ಟು ಈಗ ಅಳ್ತಾಳೆ."

ದೊಡ್ಡಕ್ಕನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಶಾಲು ಇರಲಿಲ್ಲ, ಬಾಲ್ಕನಿಯಲ್ಲಿ ಮುದ್ದೆಯಾಗಿ ಬಿದ್ದಿತ್ತು.

ತಾತ ತುತ್ತು ನಿಲ್ಲಿಸಿ ನೋಡಿದ. "ಏನೇ ದೊಡ್ಡಕ್ಕ, ಕುಂಬಳಕಾಯಿ ಎಲ್ಲಿಟ್ಟೆ?"

ಮಗ ನಕ್ಕ. ಸೊಸೆಯೂ ನಕ್ಕಳು. ದೊಡ್ಡಕ್ಕ ಅನ್ನದ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಭಾನುವಾರ ಹತ್ತು ಗಂಟೆಗೆ ಬಾಟ್ಲಮ್ಮ ಬಂದಳು. ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸೊಸೆ ಪುಟ್ಟಿಯನ್ನು ಎಡಹೆಗಲಿಗೆ ಹಾಕಿಕೊಂಡು ಎದುರು ನಿಂತಳು. ಮೇಜಿನ ಮೇಲೆ ಅಂಗಿ, ದಿಂಬಿನ ಬಟ್ಟೆ, ಹೊದಿಕೆ, ಒಂದು ಬಾಟಲಿ. ದೊಡ್ಡಕ್ಕ ಮಗನನ್ನು ಕರೆದು ಬಾಲ್ಕನಿಯಿಂದ ಶಾಲನ್ನೂ ತರಿಸಿದಳು.

"ಆ ಚೀಲದಲ್ಲಿ ಏನಿತ್ತು? ಈಗಾದ್ರೂ ಹೇಳ್ತೀರಾ?" ಎಂದು ಸೊಸೆ ಶುರುಮಾಡಿದಳು.

"ಹುಳಿ ಉಪ್ಪು" ಎಂದಳು ಬಾಟ್ಲಮ್ಮ. "ನಿಂಬೆ ಹುಳಿ ಇರುತ್ತಲ್ಲ, ಅಡುಗೇಗೂ ಹಾಕ್ತಾರಲ್ಲ, ಅದು. ಅಂಟುವಾಳದ ನೀರು ಕೆಡದೆ ಇರ್ಲಿ ಅಂತ ಒಂಚೂರು."

"ಅಷ್ಟಕ್ಕೆ ಯಾಕೆ ಬಚ್ಚಿಟ್ರಿ?"

"ಹೇಳಿದ್ರೆ ನಾಳೆ ಎಲ್ಲರೂ ಮನೇಲೇ ಮಾಡ್ಕೋತಾರೆ. ಆಮೇಲೆ ನಾನೇನು ತಿನ್ಲಿ?"

"ಕತೆ ಚೆನ್ನಾಗಿದೆ. ಅತ್ತೆ, ಹಾಕಿ ನೀವು."

ದೊಡ್ಡಕ್ಕ ಹಾಕಿದಳು. ಬಾಟಲಿಯ ನೀರಿಗೆ ಒಂದು ಹನಿ. ಅಂಗಿಗೆ, ದಿಂಬಿನ ಬಟ್ಟೆಗೆ, ಹೊದಿಕೆಗೆ. ಎಲ್ಲರೂ ಬಗ್ಗಿ ನೋಡಿದರು. ಯಾವುದೂ ಬಣ್ಣ ಬದಲಿಸಲಿಲ್ಲ. ಸೊಸೆಯ ಹುಬ್ಬು ಗಂಟಾಯಿತು.

"ಶೀಶೆ ಹಳೇದಿರಬೇಕು ಅತ್ತೆ."

"ಅಲ್ಲ" ಎಂದಳು ದೊಡ್ಡಕ್ಕ. ಒಣಗಿ ನಿನ್ನೆಯ ಬಣ್ಣ ಮಾಸಿದ್ದ ಶಾಲನ್ನು ಮೇಜಿನ ಮೇಲೆ ಹರಡಿ, ಹೆಗಲ ಭಾಗಕ್ಕೆ ನೀರು ಚಿಮುಕಿಸಿ, ಒಂದು ಹನಿ ಬಿಟ್ಟಳು.

ಗುಲಾಬಿ.

ತಾತನ ಮೆಷಿನ್ನು ನಿಂತಿತು.

"ನನ್ನ ಶಾಲು" ಎಂದಳು ದೊಡ್ಡಕ್ಕ. "ಬಲಹೆಗಲು. ಮಗು ಎಡಗೆನ್ನೆ ಒತ್ತಿ ಮಲಗೋದು ಇಲ್ಲೇ. ನನ್ನ ಪುಡಿ, ನನ್ನ ಕೈ. ನಿನ್ನೇನೇ ಗೊತ್ತಾಯ್ತು ನಂಗೆ. ಅಂಟುವಾಳದ್ದೂ ತಪ್ಪಿಲ್ಲ, ಪೊಟ್ಟಣದ್ದೂ ತಪ್ಪಿಲ್ಲ."

ಸೊಸೆ ಶಾಲು ನೋಡಿದಳು, ಕೆನ್ನೆ ನೋಡಿದಳು, ಅತ್ತೆಯನ್ನು ನೋಡಿದಳು. ಬೈದಿದ್ದರೆ ಎಷ್ಟೋ ಸುಖವಾಗಿತ್ತು. "ನಿನ್ನೆ ರಾತ್ರಿ ಊಟದಲ್ಲಿ ನನ್ನ ಮುಂದೇನೇ ಕೂತಿದ್ರಲ್ಲ ಅತ್ತೆ" ಎಂದಷ್ಟೇ ಹೇಳಿ, ಪುಟ್ಟಿಯನ್ನು ಅವಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾಟ್ಲಮ್ಮ ಮೇಜಿನ ಮೇಲಿದ್ದ ತನ್ನ ಬಾಟಲಿ ಎತ್ತಿಕೊಂಡಳು. "ನನ್ನ ಬಾಗಿಲ ಮುಂದೆ ಹನ್ನೊಂದಿವೆ ದೊಡ್ಡಕ್ಕ. ಅವಕ್ಕೂ ಒಂದೊಂದು ಹನಿ ಹಾಕ್ತೀರಾ?"

ಸೋಮವಾರದಿಂದ ಪುಟ್ಟಿ ಬೇಬಿ ಸಿಟ್ಟಿಂಗಿಗೆ ಹೋದಳು. ಸೊಸೆ ಬೆಳಿಗ್ಗೆ ಕರೆದೊಯ್ದು ಸಂಜೆ ಕರೆತರುವಳು. ಮನೆಯಲ್ಲಿದ್ದಾಗಲೂ ಮಗು ಅಪ್ಪನ ಕೈಗೆ, ತಾತನ ಮಡಿಲಿಗೆ, ಮತ್ತೆ ಅಮ್ಮನ ಹೆಗಲಿಗೆ. ದೊಡ್ಡಕ್ಕನನ್ನು ದಾಟಿಯೇ ಹೋಗುತ್ತಿತ್ತು. ಪುಟ್ಟಿ ಎರಡೂ ಕೈ ಚಾಚಿ "ಜ್ಜಿ, ಜ್ಜಿ" ಎಂದರೆ ಸೊಸೆ ಗಿಲಕಿ ಆಡಿಸಿ ಮುಖ ತಿರುಗಿಸುವಳು.

"ಅಮ್ಮ, ಸ್ವಲ್ಪ ದಿನ ತಡ್ಕೋ" ಎಂದ ಮಗ.

"ನಾನೇನಾದ್ರೂ ಕೇಳಿದ್ನಾ?" ಎಂದಳು ದೊಡ್ಡಕ್ಕ.

ಪುಡಿಯ ಡಬ್ಬವನ್ನು ಅವಳು ಲಾಂಡ್ರಿಗೇ ಹೊತ್ತುಕೊಂಡು ಹೋಗಿ ಹಿಂದಿರುಗಿಸಿ ಬಂದಳು. ಆಮೇಲೆ ಹನ್ನೊಂದು ಬಾಟಲಿಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು, ಸೋತ ಹೆಗಲಿಗೊಂದು ಗಟ್ಟಿ ಹೆಗಲಿಗೊಂದು ಹಾಕಿಕೊಂಡು, ಮನೆ ಮನೆ ಹತ್ತಿಳಿದಳು. ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದೇ, ತಗೊಳ್ಳಿ. ಏಳು ಮನೆಯವರು ತಗೊಂಡರು. ನಾಲ್ವರು ತಗೊಳ್ಳಲಿಲ್ಲ. "ಬೆಂಕಿ ಇಲ್ಲದೆ ಹೊಗೆ ಬರುತ್ತಾ ದೊಡ್ಡಕ್ಕ?" ಎಂದಳು ಕೆಳಗಿನ ಮನೆಯವಳು, ಇನ್ನೂ ಮೊಣಕೈ ಕೆರೆದುಕೊಳ್ಳುತ್ತ. ತಾನೇ ಊದಿದ ಹೊಗೆ ಎಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಆ ನಾಲ್ಕು ಬಾಟಲಿಗಳನ್ನು ದೊಡ್ಡಕ್ಕ ಶಾಲು ಒಗೆಯಲು ತಾನೇ ಇಟ್ಟುಕೊಂಡಳು. ಮೆಟ್ಟಿಲ ಮೇಲೆ ದೊಡ್ಡಕ್ಕ ಎದುರಾದರೆ ಬಾಟ್ಲಮ್ಮ ಒಂದು ಬದಿಗೆ ಸರಿದು ದಾರಿ ಬಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ ಕಾಗದದಲ್ಲಿ ಕಟ್ಟಿದ ಹುಳಿ ಉಪ್ಪನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಹೋಗಿದ್ದಳು. "ಕೊನೇ ನೀರಿಗೆ ಅರ್ಧ ಚಮಚ. ನೊರೆ ಹೋಗೋವರೆಗೂ ಜಾಲಿಸಿದ ಮೇಲೆ" ಎಂದು ಕಾಗದದ ಮೇಲೆ ಬರೆದಿತ್ತು.

ಎರಡು ವಾರದಲ್ಲಿ ಕೆನ್ನೆ ತಿಳಿಯಾಯಿತು. ಮೂರನೇ ವಾರಕ್ಕೆ ಎಡ ಯಾವುದು ಬಲ ಯಾವುದು ಗೊತ್ತಾಗದಂತಾಯಿತು. ದೊಡ್ಡಕ್ಕ ದೂರದಿಂದಲೇ ನೋಡಿ ಸಮಾಧಾನಪಟ್ಟಳು. ಒಳಗೊಳಗೇ ಉರಿದದ್ದೂ ಉಂಟು. ವಾಸಿಯಾದಷ್ಟೂ ತನ್ನ ತಪ್ಪೇ ಗಟ್ಟಿಯಾಗುತ್ತಿತ್ತಲ್ಲ.

ಐದನೆಯ ವಾರದ ಒಂದು ಸಂಜೆ. ಮಗ ಇನ್ನೂ ಡ್ಯೂಟಿಯಲ್ಲಿ, ತಾತನಿಗೆ ಜ್ವರ. ಸೊಸೆ ಒಂದು ಕೈಯಲ್ಲಿ ಪುಟ್ಟಿ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿತು. ಮಗು ಕಿರುಚಿತು. ದೊಡ್ಡಕ್ಕ ತರಕಾರಿ ಹೆಚ್ಚುವ ಮಣೆಯಿಂದ ಎದ್ದವಳು ಅಲ್ಲೇ ನಿಂತಳು. ಕೈ ಚಾಚುವ ಧೈರ್ಯ ಬರಲಿಲ್ಲ.

ಸೊಸೆ ಒಲೆ ಆರಿಸಿದಳು. ಅತ್ತೆಯ ಕಡೆ ನೋಡಿದಳು. ಮಗುವನ್ನು ಹೊತ್ತುಕೊಂಡೇ ಕಪಾಟಿಗೆ ಹೋಗಿ ಸಾಕ್ಷಿ ನೀರಿನ ಶೀಶೆ ತಂದಳು. ಅದು ಅವಳ ಬಳಿ ಇದೆ ಎಂದು ದೊಡ್ಡಕ್ಕನಿಗೆ ಗೊತ್ತೇ ಇರಲಿಲ್ಲ.

"ಅತ್ತೆ, ಈ ಕಡೆ ತಿರುಗಿ."

ದೊಡ್ಡಕ್ಕ ತಿರುಗಿ ನಿಂತಳು. ಸೊಸೆ ಬಲಹೆಗಲ ಶಾಲಿಗೆ ನೀರು ಸವರಿ ನಳಿಕೆ ಎತ್ತಿದಳು.

"ಹೆಗಲ ಮೇಲೆ ಬೇಡ ಕಣೆ, ಅಂಚಿಗೆ ಹಾಕು" ಎಂದಳು ದೊಡ್ಡಕ್ಕ. "ಮಗು ಕೆನ್ನೆ ಇಡೋ ಜಾಗ. ಅದೂ ಕೆಮಿಕಲ್ಲೇ."

ಸೊಸೆಯ ತುಟಿ ಒಂದು ಕ್ಷಣ ಅಲುಗಿತು, ನಗು ಆಗಲಿಲ್ಲ. ಅಂಚು ನೆನೆಸಿ ಹನಿ ಬಿಟ್ಟಳು. ಹತ್ತರವರೆಗೆ ಗಟ್ಟಿಯಾಗಿ ಎಣಿಸಿದಳು. ಬೆಳಕಿಗೆ ಹಿಡಿದು ನೋಡಿದಳು, ಬೆನ್ನ ಕಡೆ ತಿರುಗಿಸಿ ನೋಡಿದಳು. ಹನಿ ನೀರಾಗಿಯೇ ಇತ್ತು.

"ಸೋಮವಾರದಿಂದ ಮನೇಲೇ ಇರ್ಲಿ ಪುಟ್ಟಿ" ಎಂದಳು. "ಬೆಳಿಗ್ಗೆ ನಾನು ಹೋಗೋ ಮುಂಚೆ ಒಂದು ಹನಿ, ಬಂದ ಮೇಲೆ ಒಂದು ಹನಿ. ದಿನಾ. ಬೇಜಾರು ಮಾಡ್ಕೋಬೇಡಿ."

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆಗೆ ಹನಿ ಬಿಟ್ಟವಳು ಆ ಮಾತನ್ನು ನುಂಗಿಕೊಂಡಳು. ಕಹಿಯಾಗಿತ್ತು. ಆದರೂ ಎರಡೂ ಕೈ ಚಾಚಿದಳು. ಪುಟ್ಟಿ ಹಾರಿ ಬಂದು ಕತ್ತಿನ ಕಡೆ ಮುಖ ಮಾಡಿ, ಎಡಗೆನ್ನೆಯನ್ನು ಬಲಹೆಗಲಿಗೆ ಒತ್ತಿ, ಏನೂ ಆಗಿಯೇ ಇಲ್ಲವೆಂಬಂತೆ ಜೊಲ್ಲು ಸುರಿಸತೊಡಗಿದಳು.